ಖರೇ ತಗಡು

ನಮ್ಮ ಮನೆಯಲ್ಲಿ ಕೂಪನ್ ಎಂದರೆ ಮೊದಲು ರೇಶನ್ ಅಂಗಡಿಯದು, ಆಮೇಲೆ ಕಾಂಚನಾಳದು.

ಕಾಂಚನಾ ನನ್ನ ನಾದಿನಿ, ನನ್ನ ಗಂಡ ದಿಲೀಪನ ತಂಗಿ. ಕಲ್ಯಾಣ ಪೂರ್ವದಲ್ಲಿರುವ ನಮ್ಮ ಎರಡು ಕೋಣೆಯ ಮನೆಯಿಂದ ದಿನವೂ ಲೋಕಲ್ ಹಿಡಿದು, ಡೊಂಬಿವಲಿಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಎಂಐಡಿಸಿಯ ಕಾರ್ಖಾನೆಗಳ ಕಡೆಗೆ ಹೋಗುತ್ತಿದ್ದಳು. ಅಲ್ಲಿಯ ಒಂದು ಸಣ್ಣ ಕಂಪನಿಯಲ್ಲಿ ಯಂತ್ರ ನಡೆಸುವ ಕೆಲಸ. ರಾಕೆಟ್ಟಿನ ಇಂಧನದ ಟಾಕಿಗೆ ಬೇಕಾಗುವ ಅಲ್ಯುಮಿನಿಯಂ ತಗಡುಗಳನ್ನು ಕರಗಿಸದೆ ಬೆಸೆಯುವ ವಿಧಾನವೊಂದನ್ನು ಆ ಕಂಪನಿ ಪಳಗಿಸಿಕೊಳ್ಳುತ್ತಿತ್ತು. ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಎಂದು ಅದರ ಹೆಸರು. ಅತ್ತೆಗೆ ನಾಲಿಗೆ ತಿರುಗದ್ದರಿಂದ ಮನೆಯಲ್ಲಿ ಅದು ‘ತಿಕ್ಕೂ ವೆಲ್ಡಿಂಗ್’ ಆಯಿತು. ದಿಲೀಪ ಕೂಡ ಈಗ ಹಾಗೆಯೇ ಅನ್ನುತ್ತಾನೆ.

ಪಳಗುವ ತನಕ ದೊಡ್ಡ ತಗಡನ್ನು ಮುಟ್ಟುವಂತಿಲ್ಲ. ಅಂಗೈಯಗಲದ ತುಂಡುಗಳನ್ನು ಜೋಡಿಸಿ ಬೆಸೆದು ನೋಡಬೇಕು. ಆ ತುಂಡುಗಳಿಗೆ ಅವರು ಕೂಪನ್ ಎನ್ನುತ್ತಾರೆ. ಕಾಂಚನಾ ಬೆಸೆದ ಕೂಪನ್ನುಗಳಲ್ಲಿ ಒಂದನ್ನು ಬಗ್ಗಿಸುತ್ತಾರೆ, ಇನ್ನೊಂದನ್ನು ಎರಡೂ ತುದಿ ಹಿಡಿದು ಹರಿಯುವ ತನಕ ಎಳೆಯುತ್ತಾರೆ, ಮತ್ತೊಂದನ್ನು ಅಡ್ಡ ಕೊಯ್ದು, ನುಣ್ಣಗೆ ಉಜ್ಜಿ, ಆ್ಯಸಿಡ್ಡಿನಲ್ಲಿ ಅದ್ದಿ ಒಳಗಿನದನ್ನು ನೋಡುತ್ತಾರೆ. ಚೆನ್ನಾಗಿ ಬಂದಿದ್ದರೂ ಅದೇ ಗತಿ, ಕೆಟ್ಟಿದ್ದರೂ ಅದೇ ಗತಿ. ಸಂಜೆಗೆ ಎಲ್ಲ ಭಂಗಾರದ, ಅಂದರೆ ಗುಜರಿಯ, ಡ್ರಮ್ಮಿಗೆ.

“ಎರಡ ವರ್ಷಾತು, ಬರೇ ಕೂಪನ್ನ ಮಾಡಾಕತ್ತಿ,” ಎಂದು ಅತ್ತೆ ಚಂದ್ರಬಾಯಿ ಮಾತಿನಲ್ಲೇ ಚಿವುಟುತ್ತಿದ್ದರು. “ರೇಶನ್ ಯಾವಾಗ ಕೊಡ್ತಾರವಾ ನಿಮ್ಮ ಕಂಪನ್ಯಾಗ?”

“ಕೊಡ್ತಾರ ಬೇ. ಇನ್ನಾ ಅಂಗಡಿ ತಗದಿಲ್ಲ.”

“ನೋಡ್ಕೊಂತ ಕುಂಡ್ರು. ಬಾಗಲಾ ತಗಿಯೂದ್ರಾಗ ತಲ್ಯಾಗ ಬಿಳಿ ಕೂದಲಾ ಬರತಾವು.”

ಕೆಲಸ ಎಂಥದ್ದೆಂದು ಅತ್ತೆಗೆ ತಿಳಿಸಿ ಹೇಳಿದ್ದು ಕಾಂಚನಾಳೇ, ಒಲೆಯ ಮುಂದೆ ಕೂತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಜೋಳದ ರೊಟ್ಟಿಯ ಅಂಚು ಸೀಳು ಬಿಡುವುದು ಇದ್ದೇ ಇದೆ. ಅತ್ತೆ ಹೆಬ್ಬೆರಳಿನಿಂದ ಸೀಳನ್ನು ಒತ್ತಿ, ತಿಕ್ಕಿ, ಮತ್ತೆ ತಿರುಗಿಸಿ ಬಡಿದರು.

“ಇದಽ ನೋಡು ನಾ ಮಾಡೂದು,” ಎಂದಳು ಕಾಂಚನಾ. “ಹಿಟ್ಟ ನೀರ ಆಗಲಿಲ್ಲ, ಬೆಂಕಿ ತಾಗಲಿಲ್ಲ. ಬೆರಳ ತಿಕ್ಕಿದ್ದಕ್ಕ ಮೆತ್ತಗಾಗಿ ಒಂದರಾಗ ಒಂದ ಸೇರಿತು. ಈ ಜಾತಿ ಅಲ್ಯುಮಿನಿಯಂ ಕರಗಿಸಿ ಕೂಡಿಸಿದ್ರ ಆರೂಮುಂದ ಸೀಳತೈತಿ. ಅದಕ್ಕ ನಾವು ನಾದತೀವಿ.”

“ಹಂಗಾರ ಹುಟ್ಟಿದಾಗಿಂದ ನಾ ರಾಕೆಟ್ ಮಾಡಾಕತ್ತೀನಿ ಅನ್ನು,” ಎಂದು ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದರು.

ಕಂಪನಿಯಲ್ಲಿ ಹೆಬ್ಬೆರಳಿನ ಬದಲು ಉಕ್ಕಿನ ಪಿನ್ನು. ಕಿರುಬೆರಳಿನಷ್ಟು ಗಾತ್ರ, ಮೈಮೇಲೆ ಸ್ಕ್ರೂವಿನ ಹಾಗೆ ಸುತ್ತು ಗೀರು. ಎರಡು ತಗಡುಗಳನ್ನು ಅಂಚಿಗೆ ಅಂಚು ತಾಗಿಸಿ ಬಿಗಿ ಹಿಡಿದು, ಜೋರಾಗಿ ಸುತ್ತುವ ಪಿನ್ನನ್ನು ಸಂದಿಯೊಳಗೆ ಇಳಿಸಿ, ಸಾವಕಾಶವಾಗಿ ಮುಂದಕ್ಕೆ ನಡೆಸಬೇಕು. ಹಾದುಹೋದ ದಾರಿಯಲ್ಲಿ ಸಂದಿ ಇರುವುದಿಲ್ಲ. ಸುತ್ತು ತಪ್ಪಿದರೆ ಮಾತ್ರ ಕೆಟ್ಟಿತು. ಸರಿ ಸುತ್ತಿದರೆ ಗೀರುಗಳು ಮೆತ್ತಗಾದ ಲೋಹವನ್ನು ಕೆಳಗೆ ಒತ್ತುತ್ತವೆ. ಉಲ್ಟಾ ಸುತ್ತಿದರೆ ಮೇಲಕ್ಕೆ ಎತ್ತುತ್ತವೆ, ಬುಡದಲ್ಲಿ ಇಲಿ ಕೊರೆದಂಥ ಬಿಲ ಉಳಿಯುತ್ತದೆ. ಮೇಲಿಂದ ನೋಡಿದವನಿಗೆ ಅದು ಪೂರ್ತಿ ಕಾಣುವುದೂ ಇಲ್ಲ.

ಬಲ ಸುತ್ತಿನ ಪಿನ್ನು, ಎಡ ಸುತ್ತಿನ ಪಿನ್ನು ಎರಡೂ ಒಂದೇ ಡ್ರಾವರಿನಲ್ಲಿ ಇರುತ್ತಿದ್ದವು. ಕಾಂಚನಾಳ ಜೊತೆಗೆ ಕೆಲಸ ಮಾಡುವ ಅಂಬಾದಾಸ ಅಕ್ಕಲಕೋಟೆಯವನು, ನಾಲ್ವತ್ತು ದಾಟಿದವನು, ಬಾಯಲ್ಲಿ ಸದಾ ಒಂದು ಚೇಷ್ಟೆ. ಒಂದು ಖಂಡೇನವಮಿಗೆ, ಯಂತ್ರಗಳ ಪೂಜೆಯಾಗುವಾಗ, ಕಾಂಚನಾ ಯಂತ್ರಕ್ಕೆ ಆರತಿ ಎತ್ತಿದ್ದನ್ನು ನೋಡಿ ಅವನೆಂದನಂತೆ: “ಬರೋಬರ ನಮ್ಮ ಪಿನ್ ತಿರಗಿದಂಗ ತಿರಗಸಾಕತ್ತೀಯಲ್ಲ ಅಕ್ಕಾ.” ಅಂದಿನಿಂದ ಒಂದು ಆರತಿ ಪಿನ್ನು, ಇನ್ನೊಂದು ಉಲ್ಟಾ ಪಿನ್ನು. ಯಾರೂ ಬಲ ಎಡ ಅನ್ನಲೇ ಇಲ್ಲ. ಅವರ ಎಂಜಿನಿಯರ್ ಅನಿಲಕುಮಾರ್ ಮೂಲತಃ ಕುಂದಾಪುರದ ಕಡೆಯವರು, ಠಾಣೆಯ ನೌಪಾಡಾದಲ್ಲಿ ಮನೆ. ಅವರೂ ಕೊನೆಗೆ “ಆರತಿ ಪಿನ್ ಹಾಕಿ” ಎನ್ನಲು ಶುರು ಮಾಡಿದ್ದರು.

ಕಾಂಚನಾಳಿಗೆ ಏನು ಬೇಕಿತ್ತು ಎಂಬುದನ್ನು ಅವಳು ಹೆಚ್ಚು ಮಾತಿನಲ್ಲಿ ಹೇಳಿದವಳಲ್ಲ. ಒಂದು ಸಂಜೆ ನನ್ನ ಮಗಳು ಆರೋಹಿ ಡಬ್ಬಿಯ ಮೇಲೆ ಡಬ್ಬಿ ಇಟ್ಟು ಗೋಪುರ ಕಟ್ಟುವುದು, ತಾನೇ ಕೆಡವಿ ಕೇಕೆ ಹಾಕುವುದು ನಡೆದಿತ್ತು. ಕಾಂಚನಾ ಬಾಗಿಲ ಬಳಿ ಚಪ್ಪಲಿ ಬಿಡುತ್ತ ಅದನ್ನೇ ನೋಡುತ್ತಿದ್ದಳು.

“ನಾನೂ ಇದನ್ನ ಮಾಡಿ ಬಂದೆ,” ಎಂದಳು. “ಇವತ್ತಿಂದು ಭಾಳ ಚೊಲೊ ಬಂದಿತ್ತು ವೈನಿ. ಯಾವತ್ತೂ ಹಂಗ ಬಂದಿದ್ದಿಲ್ಲ. ಮಧ್ಯಾಹ್ನ ಅದನ್ನ ಹರದ್ರು. ನಾ ಮಾಡಿದ್ದು ಒಂದರೆ ಮಾಡಿದಂಗಽ ಎಲ್ಯರೆ ಇರಬೇಕು ಅನಸ್ತೈತಿ. ಒಂದಽ ಒಂದು. ನನ್ನ ಕೈಲೆ ಆಗಿದ್ದು, ಯಾರೂ ಹರೀಲಾರದ್ದು.”

ಮಾವ ಮಾಪಣ್ಣ ಮೂಲೆಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದರು. ಸಿಂದಗಿಯ ಕಡೆಯಿಂದ ಬಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು, ಬೆನ್ನು ಅಲ್ಲಿಯೇ ಹೋಯಿತು. “ನಾ ಹೊತ್ತ ಚೀಲಾ ಯಾರ ಮನ್ಯಾಗ ಬಿಚ್ಚಿದ್ರೋ ನಾನೂ ನೋಡಿಲ್ಲವಾ,” ಎಂದರು. ಸಮಾಧಾನಕ್ಕೆ ಹೇಳಿದ್ದು. ಆದರೆ ಅದನ್ನು ಕೇಳಿ ಅವಳ ಮುಖ ಇನ್ನಷ್ಟು ಸಣ್ಣದಾಯಿತು.

ಹೋದ ವರ್ಷ ಮಳೆ ನಿಲ್ಲುವ ಹೊತ್ತಿಗೆ ಸುದ್ದಿ ಬಂತು. ಗಿರಾಕಿ ಕಂಪನಿ ಕೂಪನ್ನುಗಳನ್ನು ಒಪ್ಪಿತ್ತು. ಖರೇ ತಗಡು ಕಳಿಸುತ್ತಾರೆ. ಟಾಕಿಯ ಗೋಡೆಯಾಗುವ ತಗಡು, ಆಳೆತ್ತರದ್ದು, ಎರಡು ಭಾಗ. ಅವನ್ನು ಒಂದು ಮಾಡಬೇಕು. ಅದಕ್ಕೆ ಡೊಂಬಿವಲಿಯ ಹಳೆಯ ಯಂತ್ರ ಸಾಲದು. ನವಿ ಮುಂಬಯಿಯ ಮಹಾಪೆಯಲ್ಲಿ ಕಂಪನಿ ಹೊಸ ಶೆಡ್ಡು ಹಿಡಿದು ಹೊಸ ಯಂತ್ರ ಕೂರಿಸಿತು. ನಡೆಸುವವಳು ಕಾಂಚನಾ, ಅವಳ ನೆರವಿಗೆ ಅಂಬಾದಾಸ ಎಂದು ಗೊತ್ತಾಯಿತು. ಆ ವಾರ ಅವಳು ಶಿಳಫಾಟಾದ ಮೇಲಿಂದ ಹೋಗುವ ಬಸ್ಸಿನ ವೇಳೆಯನ್ನು ಯಾರ ಯಾರ ಹತ್ತಿರವೋ ಕೇಳಿದಳು, ಹೊಸ ಬೂಟು ತಂದಳು, ಬೂಟನ್ನು ಮನೆಯಲ್ಲೇ ಹಾಕಿಕೊಂಡು ತಿರುಗಿದಳು.

“ಮದವಿಗೆ ಬಟ್ಟಿ ತಂದಂಗ ಮಾಡಾಕತ್ತಾಳ,” ಎಂದರು ಅತ್ತೆ ನನ್ನ ಕಿವಿಯಲ್ಲಿ. ಆದರೂ ಬೂಟಿನ ಡಬ್ಬಿಯನ್ನು ಎಸೆಯದೆ ಅಟ್ಟದ ಮೇಲೆ ಇಟ್ಟವರು ಅವರೇ.

ಅಷ್ಟರಲ್ಲಿ ಆರೋಹಿ ಬಾಲವಾಡಿಯಿಂದ ಮೈತುಂಬ ನೀರುಗುಳ್ಳೆ ಹೊತ್ತು ಬಂದಳು. ಅದು ಒಣಗಿ ಉದುರುವ ಹೊತ್ತಿಗೆ ಕಾಂಚನಾಳ ಕುತ್ತಿಗೆಯಲ್ಲಿ ಮೊದಲ ಗುಳ್ಳೆ ಎದ್ದಿತು. ಮರುದಿನ ಬೆನ್ನು, ಹೊಟ್ಟೆ, ಮುಖ. ಸಣ್ಣವಳಿದ್ದಾಗ ಅವಳಿಗೆ ಬಂದಿರಲೇ ಇಲ್ಲವಂತೆ.

“ಅಮ್ಮ ಬಂದಾಳ,” ಎಂದರು ಅತ್ತೆ, ಮತ್ತು ಆ ಕ್ಷಣದಿಂದ ಮನೆಯ ಕಾಯ್ದೆ ಬದಲಾಯಿತು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಒಗ್ಗರಣೆಯ ಸಪ್ಪಳ ನಿಂತಿತು. ಒಳಕೋಣೆಗೆ ಹಳೆಯ ಸೀರೆಯೊಂದು ಪರದೆಯಾಯಿತು. ನಾನು ಅವಳನ್ನು ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ, ಹಚ್ಚುವ ಔಷಧ ತಂದೆ. ಅತ್ತೆ ಅದಕ್ಕೂ ಬೇಡ ಅನ್ನಲಿಲ್ಲ. ಮಾತ್ರೆಯನ್ನು ಬೇವಿನ ಎಲೆಯ ಪಕ್ಕದಲ್ಲಿಟ್ಟು, ಎರಡಕ್ಕೂ ಕೈಮುಗಿದು, ನುಂಗಿಸಿದರು. ಎಲ್ಲ ಗುಳ್ಳೆ ಒಣಗಿ ಹಕ್ಕಳೆಯಾಗುವ ತನಕ ಕೆಲಸಕ್ಕೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದ್ದರು.

ಅಮ್ಮ ಬಂದವರಲ್ಲಿ ದೇವಿಯೇ ಬಂದು ಕೂತಿರುತ್ತಾಳೆ, ಅವರನ್ನು ಗದರಬಾರದು, ಬೇಡಿದ್ದಕ್ಕೆ ಇಲ್ಲವೆನ್ನಬಾರದು. ಹಾಗಾಗಿ ದಿನಬೆಳಗಾದರೆ ಬಯ್ಯುತ್ತಿದ್ದ ಮಗಳನ್ನು ಅತ್ತೆ ಬಹುವಚನದಲ್ಲಿ ಮಾತಾಡಿಸತೊಡಗಿದರು.

“ಏನ ಬೇಕ್ರಿ ತಾಯಿ? ಗಂಜಿ ತರಲ್ರಿ?”

ಪರದೆಯ ಹಿಂದಿನಿಂದ ಬಳಲಿದ ದನಿ: “ತಾಯಿಗೆ ಚಾರ್ಜರ್ ಬೇಕಾಗೈತಿ.”

“ಕೊಡ ದಿಲೀಪ, ಲಗೂನ ಕೊಡು,” ಎಂದರು ಅತ್ತೆ ಗಾಬರಿಯಲ್ಲಿ. ದಿಲೀಪ ತನ್ನ ಫೋನಿನಿಂದ ಬಿಚ್ಚಿ ಚಾರ್ಜರ್ ಕೊಟ್ಟು, “ನನ್ನ ಚಾರ್ಜರಿನ ಮ್ಯಾಲಽ ದೇವರ ಕಣ್ಣ ಬೀಳಬೇಕಾ?” ಎಂದು ಗೊಣಗಿದ.

ಕಾಂಚನಾಳ ಫೋನಿಗೆ ಮಹಾಪೆಯಿಂದ ಅಂಬಾದಾಸನ ಕರೆ ಬಂದದ್ದು ಜ್ವರ ಇಳಿದ ದಿನ. ಖರೇ ತಗಡು ಬಂದಿಳಿದಿತ್ತು. ಅದಕ್ಕೆ ಮೊದಲು ಅಷ್ಟೇ ಅಳತೆಯ ಸಾದಾ ತಗಡಿನ ಮೇಲೆ ಒಮ್ಮೆ ಮಾಡಿ ತೋರಿಸಬೇಕಿತ್ತು. ಕಾಂಚನಾ ಇಲ್ಲದ್ದರಿಂದ ಅಂಬಾದಾಸನೇ ನಡೆಸುವುದೆಂದಾಗಿತ್ತು. ಅನಿಲಕುಮಾರ್ ಗಿರಾಕಿಯ ಊರಿಗೆ ಹೋಗಿದ್ದರು. ಡೊಂಬಿವಲಿಯ ಯಂತ್ರದಲ್ಲಿ ತಗಡು ಹಾಸಿಗೆಯಂತೆ ಮಲಗಿರುತ್ತದೆ, ಪಿನ್ನು ಮೇಲಿಂದ ಇಳಿಯುತ್ತದೆ. ಹೊಸದರಲ್ಲಿ ತಗಡು ಗೋಡೆಯ ಹಾಗೆ ನಿಲ್ಲುತ್ತದೆ, ಪಿನ್ನು ಎದುರಿನಿಂದ ಬಂದು ಹೊಗುತ್ತದೆ. ಅದರ ತಲೆಯೊಳಗೆ ಒಂದು ಗಿಯರ್ ಹೆಚ್ಚಿಗೆ ಇದ್ದುದರಿಂದ ಯಂತ್ರದ ಸ್ಕ್ರೀನು ತೋರಿಸುವ ಸುತ್ತನ್ನು ನಂಬುವಂತಿರಲಿಲ್ಲ, ಖಾಲಿ ಓಡಿಸಿ ಕಣ್ಣಾರೆ ನೋಡಿಯೇ ಗುಂಡಿ ಒತ್ತಬೇಕು.

ಕಾಂಚನಾ ಫೋನನ್ನು ಸ್ಪೀಕರಿಗೆ ಹಾಕಿದ್ದಳು, ಕಿವಿಯ ಸುತ್ತ ಗುಳ್ಳೆ ಇದ್ದವಲ್ಲ.

“ಸುತ್ತು ಹೆಂಗ ಇಡ್ಲಿ ಅಕ್ಕಾ?”

“ಯಾವ ಪಿನ್ ಹಾಕೀದಿ?”

“ಆರತಿ ಪಿನ್.”

“ಹಂಗಾರ ಆರತಿ ಎತ್ತಿದಂಗ. ಮತ್ತೇನು?”

“ಬರೋಬರ. ಆರಾಮ ಮಾಡು. ಮಾರಿ ಹೆಂಗಾಗೈತಿ?”

“ಒತ್ತು ಶಾವಿಗಿ ಅಚ್ಚ ಆದಂಗ ಆಗೈತಿ.”

ಅವನು ನಕ್ಕು ಫೋನಿಟ್ಟ. ಅವಳು ಸ್ವಲ್ಪ ಹೊತ್ತು ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ ಮಲಗಿದಳು. ಪರದೆಯ ಆಚೆ ನಿಂತು ನಾನು ಗಂಜಿಯ ಬಟ್ಟಲು ಒಳಗೆ ಸರಿಸಿದೆ. “ನನ್ನ ಯಂತ್ರದ ಮುಂದ ಈಗ ಅಂವ ನಿಂತಿರ್ತಾನ ವೈನಿ,” ಎಂದಳು. ನನ್ನ ಯಂತ್ರ ಎಂದಳು, ಅದರ ಮುಂದೆ ಅವಳು ಇನ್ನೂ ಒಮ್ಮೆಯೂ ನಿಂತಿರಲಿಲ್ಲ.

ಸಾದಾ ತಗಡು ಕೆಟ್ಟಿತು. ಬೆಸುಗೆಯ ಎರಡೂ ದಂಡೆಗೆ ಅಲ್ಯುಮಿನಿಯಂ ಸಿಪ್ಪೆ ಸುರುಳಿ ಎದ್ದು ನಿಂತ ಫೋಟೋ ಬಂತು. ಎಕ್ಸ್‌ರೇಯಲ್ಲಿ ಬುಡದುದ್ದಕ್ಕೂ ಬಿಲ. ಇನ್ನೊಮ್ಮೆ ಮಾಡಿದರು, ಅದೇ ಹಾಡು. ಕಾಂಚನಾ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಆರತಿನಽ ಹೌದಲ್ಲ ಭಾವು?” ಎಂದು, ಅಣ್ಣನಿಗೆ ಮರಾಠಿಯಲ್ಲಿ ಕರೆಯುವಂತೆ ಕರೆದು, ಅಂಬಾದಾಸನಿಗೇ ಫೋನು ಮಾಡಿ ಕೇಳಿದಳು.

“ಹೌದವಾ ತಾಯಿ, ಎರಡ ಸರತೆ ಖಾಲಿ ತಿರಗಿಸಿ ನೋಡೀನಿ. ಗಣಪತಿ ಆಣಿ.”

ಸುತ್ತು ಸರಿ ಎಂದಾದ ಮೇಲೆ ಉಳಿದದ್ದು ಪಿನ್ನು, ಒತ್ತಡ, ವೇಗ. ಅನಿಲಕುಮಾರ್ ಮರಳಿ ಬಂದು ಅದೇ ಜಾತಿಯ ಹೊಸ ಆರತಿ ಪಿನ್ನು ಹಾಕಿದರು, ವೇಗ ಇಳಿಸಿದರು, ಏರಿಸಿದರು. ಸಂಜೆ ಕಾಂಚನಾಳಿಗೆ ಫೋನು ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಎಂತದ್ದೋ ತಪ್ಪಿದೆ ಕಾಂಚನಾ, ಕೈಗೆ ಸಿಗ್ತಾ ಇಲ್ಲ. ಶುಕ್ರವಾರ ಅವರ ಜನ ಬರ್ತಾರೆ. ಅಷ್ಟರೊಳಗೆ ಸಾದಾ ತಗಡು ಸಮ ಬರದಿದ್ರೆ ಅಸಲು ತಗಡನ್ನ ವಾಪಸ್ ತಗೊಂಡು ಬೇರೆಯವರಿಗೆ ಕೊಡ್ತಾರಂತೆ. ನೀವು ಸುಮ್ನೆ ತಲೆ ಬಿಸಿ ಮಾಡ್ಕೊಳ್ಬೇಡಿ ಮಾರಾಯ್ರೆ, ಮೊದ್ಲು ಗುಣ ಆಗಿ.”

ಹಾಗೆಂದರೆ ಯಾರಿಗೆ ನಿದ್ದೆ ಬರುತ್ತದೆ. ಅವಳು ಒಂದು ಪಿನ್ನಿನ ಚಿತ್ರವನ್ನು ಮನಸ್ಸಿನಲ್ಲಿ ತಿರುಗಿಸುತ್ತ ಗೋಡೆಯನ್ನು ನೋಡುತ್ತಿದ್ದಳು, ಕೆರೆತವನ್ನು ಕೂಡ ಮರೆತು.

ನೀರು ಹಾಕುವ ದಿನ ಬಂತು. ಗುಳ್ಳೆಗಳು ಬಾಡಿದ್ದವು, ಹಕ್ಕಳೆ ಕಟ್ಟುತ್ತಿದ್ದವು. ಅತ್ತೆ ಬೇವಿನ ಸೊಪ್ಪು ಹಾಕಿ ಬಿಸಿಲಿಗಿಟ್ಟ ನೀರನ್ನು ತಾವೇ ಅವಳ ಮೇಲೆ ಹನಿಸಿದರು, ಉಜ್ಜದೆ, ಒರೆಸದೆ. ಮೆತ್ತನೆಯ ಹಳೇ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಮೊಸರನ್ನ, ಎಡೆ, ಎರಡು ದೀಪದ ತಟ್ಟೆ. ದೇವಿಯನ್ನು ಒಳ್ಳೆಯ ಮಾತಿನಲ್ಲಿ ಕಳಿಸಿಕೊಡಬೇಕಲ್ಲ. ನಾನು ಆರೋಹಿಯನ್ನು ಎತ್ತಿಕೊಂಡು ಹೊಸ್ತಿಲ ಈಚೆ ನಿಂತಿದ್ದೆ.

“ನಮ್ಮವ್ವಾ, ತಂಪಾಗಿ ಬಂದಿ, ತಂಪಾಗಿ ಹೋಗವ್ವಾ,” ಎನ್ನುತ್ತ ಅತ್ತೆ ಆರತಿ ಎತ್ತಿದರು. ಕಾಂಚನಾ ಕಣ್ಣು ಮುಚ್ಚಿದ್ದಳು. ಅತ್ತೆ ಮೆಲ್ಲಗೆ, “ಕಣ್ಣ ತಗೀರಿ ತಾಯಿ, ದೀಪಾ ನೋಡ್ರಿ,” ಎಂದರು. ಅವಳು ಕಣ್ಣು ತೆರೆದು ದೀಪ ನೋಡಿದಳು. ದೀಪ ಸುತ್ತಿತು, ಅವಳ ಕಣ್ಣುಗಳು ಅದರ ಜೊತೆ ಸುತ್ತಿದವು. ಮತ್ತೊಂದು ಸುತ್ತು. ಅವಳ ಹುಬ್ಬು ಗಂಟಾಯಿತು. ಬಲಗೈ ಮೇಲೆದ್ದು ಗಾಳಿಯಲ್ಲಿ ಅತ್ತೆಯ ಕೈಯ ಹಾಗೆಯೇ ತಿರುಗಲು ನೋಡಿತು, ತಡೆಯಿತು, ಆಮೇಲೆ ಹಿಂದುಮುಂದಾಗಿ ತಿರುಗಿತು.

“ಯವ್ವಾ, ನೀ ಉಲ್ಟಾ ತಿರಗಸಾಕತ್ತಿ.”

ಅತ್ತೆ ತಟ್ಟೆ ಇಳಿಸಿದರು. “ಇಲ್ರಿ ತಾಯಿ, ಬಲಕ್ಕಽ ತಿರಗಿಸೀನ್ರಿ. ತಪ್ಪಿದ್ರ ಹೊಟ್ಯಾಗ ಹಾಕ್ಕೊಳ್ರಿ.”

“ನಿನಗ ಬಲಕ್ಕ. ಇಲ್ಲಿ ಕುಂತಾಕಿಗೆ ಎಡಕ್ಕ.”

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆರತಿ ಎತ್ತುವವರಿಗೆ ಒಂದು ಸುತ್ತು, ಎದುರಿಗೆ ಕೂತ ದೇವರಿಗೆ ಅದೇ ಉಲ್ಟಾ. ನಾವು ಯಾರೂ ದೇವರ ಜಾಗದಲ್ಲಿ ಕೂತು ಆರತಿ ನೋಡಿದವರಲ್ಲ. ಡೊಂಬಿವಲಿಯ ಯಂತ್ರದಲ್ಲಿ ಅವರು ಪಿನ್ನಿನ ಹಿಂದೆ, ಮೇಲಿಂದ ಬಗ್ಗಿ ನೋಡುತ್ತಿದ್ದರು, ಪೂಜಾರಿಯ ಜಾಗ ಅದು. ಮಹಾಪೆಯಲ್ಲಿ ಪಿನ್ನು ಕಾಣುವುದು ಎದುರಿನಿಂದ ಮಾತ್ರ. ಅಂಬಾದಾಸ ತಗಡು ನಿಲ್ಲುವ ಜಾಗದಲ್ಲಿ ನಿಂತು, ತನ್ನ ಕಡೆಗೆ ಬರುವ ಪಿನ್ನನ್ನು ನೋಡಿ, ಆರತಿಯ ಹಾಗೆ ತಿರುಗುತ್ತದೆ ಎಂದು ಒಪ್ಪಿದ್ದ.

ಆರತಿ ಮುಗಿದು ಅತ್ತೆ ಎಡೆಯನ್ನು ಬೇವಿನ ಮರದ ಬುಡಕ್ಕೆ ಇಡಲು ಹೋದರು. ಕಾಂಚನಾ ಮಣೆಯಿಂದ ಏಳಲಿಲ್ಲ. ಫೋನು ಪಕ್ಕದಲ್ಲೇ ಇತ್ತು, ಕೈಗೆ ತೆಗೆದುಕೊಳ್ಳಲಿಲ್ಲ.

“ವೈನಿ,” ಎಂದಳು. “ಡಾಕ್ಟರ್ ಇನ್ನ ನಾಕೈದ ದಿನಾ ಅಂದಾನಲ್ಲ.”

“ಹೂಂ.”

“ಶುಕ್ರವಾರ ಅವ್ರು ಬಂದಾಗ ಇದು ಕೆಟ್ಟಂಗಽ ಇದ್ರ, ಒಂದ ವಾರ ಮುಂದ ಹಾಕ್ರಿ ಅಂತ ಸಾಹೇಬ್ರು ಕೇಳಬಹುದು. ಅಷ್ಟ್ರಾಗ ನಾ ಹೋಗಿ ನಿಂತಿರ್ತೀನಿ. ನಾನಽ ಸುತ್ತ ಬದಲಿಸಿ ನಾನಽ ಮಾಡಬಹುದು.” ಅವಳು ನನ್ನ ಮುಖ ನೋಡಲಿಲ್ಲ. “ಈಗ ಹೇಳಿದ್ರ ಅಂಬಾದಾಸ ಮಾಡ್ತಾನ. ಶುಕ್ರವಾರನಽ.”

“ಮುಂದ ಹಾಕ್ಲಿಲ್ಲಂದ್ರ?” ಎಂದೆ. “ತಗಡ ಹೊಳ್ಳಿ ಹೋದ್ರ?”

“ಅದಽ ವಿಚಾರ ಮಾಡಾಕತ್ತೀನಿ.”

 ಆರೋಹಿ ನನ್ನ ಸೊಂಟದಿಂದ ಜಾರುತ್ತಿದ್ದಳು, “ಆತ್ಯಾಕಡೆ ಜಾಯ್ಚಂಯ್,” ಎಂದು ಮರಾಠಿಯಲ್ಲಿ ತನ್ನ ಸೋದರತ್ತೆ ಕಾಂಚನಾಳ ಹತ್ತಿರ ಹೋಗುವ ಹಟ. ಅವಳನ್ನು ಹಿಡಿದು ನಿಲ್ಲಿಸಿ ನಾನು ತಲೆ ಎತ್ತುವಷ್ಟರಲ್ಲಿ ಕಾಂಚನಾ ಫೋನು ಹಚ್ಚಿಯಾಗಿತ್ತು.

“ಭಾವು, ಖಾಲಿ ತಿರಗಿಸಿದಾಗ ನೀ ಎಲ್ಲಿ ನಿಂತು ನೋಡಿದಿ?”

“ಎಲ್ಲಿ ಅಂದ್ರ? ಮುಂದ. ಪಿನ್ ಕಾಣೂದಽ ಅಲ್ಲಿಂದ.”

“ತಗಡ ನಿಲ್ಲೂ ಜಾಗಾದಾಗ?”

“ಹೂಂ.”

“ನೀ ದೇವ್ರ ಜಾಗಾದಾಗ ನಿಂತಿಯೋ ಭಾವು. ನಾ ಪೂಜಾರಿ ಆರತಿ ಹೇಳಿದ್ದೆ.”

 ಯಂತ್ರಗಳ ಗದ್ದಲದ ನಡುವೆ ಅಂಬಾದಾಸ, “ನನ್ನ ಹೆಂಡ್ತಿ ಕಡೆ ಇದನ್ನ ಒಮ್ಮಿ ಹೇಳು ಅಕ್ಕಾ. ನಾ ದೇವ್ರ ಜಾಗಾದಾಗ ನಿಂತಿದ್ದೆ ಅಂದ್ರ ಆಕಿ ನಂಬೂದಿಲ್ಲ,” ಎಂದ. ಇಬ್ಬರೂ ನಕ್ಕರು. ನಗು ಮುಗಿದಾಗ ಕಾಂಚನಾ, “ಈಗಽ ಸಾಹೇಬ್ರಿಗೆ ಹೇಳು. ತಪ್ಪು ನನ್ನ ಮಾತಿಂದು ಅಂತ ಹೇಳು,” ಎಂದಳು.

ಸಂಜೆಯ ಹೊತ್ತಿಗೆ ಸಾದಾ ತಗಡಿನ ಫೋಟೋ ಬಂತು, ಸಿಪ್ಪೆಯಿಲ್ಲದ್ದು. ಬೆನ್ನಿಗೇ ಅನಿಲಕುಮಾರರ ಫೋನು. ಎಕ್ಸ್‌ರೇ ಸ್ವಚ್ಛ. ಇನ್ನು ಮೇಲೆ ಯಾರೂ ಆರತಿ ಅನ್ನುವಂತಿಲ್ಲ, ಪಿನ್ನಿನ ಹಿಂದೆ ಬಾಣದ ಗುರುತು ಕೆತ್ತಿಸುತ್ತೇನೆ ಎಂದರು. ಆಮೇಲೆ ತಾವಾಗಿಯೇ, “ಸೋಮವಾರಕ್ಕೆ ಹಾಕ್ಲಿಕ್ಕೆ ಆಗ್ತದಾ ಅಂತ ಅವರನ್ನ ಕೇಳಿದೆ, ನಿಮಗೋಸ್ಕರ. ಆಗುದಿಲ್ಲ ಅಂದ್ರು,” ಎಂದರು.

“ನಾ ಬಾಯಿಗೆ ಬಟ್ಟಿ ಕಟಗೊಂಡು ದೂರ ನಿಂತ್ರ ನಡೀತದೇನ್ರಿ ಸರ್? ಮುಟ್ಟೂದಿಲ್ಲ. ಬರೇ ನೋಡ್ತೀನಿ.”

“ಇಲ್ಲಿ ಇಬ್ಬರ ಮನೇಲಿ ಹಸುಗೂಸು ಉಂಟು ಕಾಂಚನಾ.”

“ಹೌದ್ರಿ,” ಎಂದಳು. ಆರೋಹಿಯಿಂದ ತನಗೆ ಬಂದದ್ದನ್ನು ಬೇರೆ ಮಗುವಿಗೆ ಒಯ್ಯುವವಳು ಅವಳಲ್ಲ.

ಶುಕ್ರವಾರ ನಾನು ಬಟ್ಟೆ ಒಣಗಿಸಿ ಒಳಗೆ ಬಂದಾಗ ಪರದೆ ಸರಿದಿತ್ತು. ಗಿರಾಕಿಯ ಜನ ಬಂದ ದಿನ ಹೊಸ ಶೆಡ್ಡಿನೊಳಗೆ ಫೋನು ಒಯ್ಯುವಂತಿರಲಿಲ್ಲ, ಆದ್ದರಿಂದ ಕೇಳುವುದಕ್ಕೂ ಏನೂ ಇರಲಿಲ್ಲ. ಅವಳು ಕಬ್ಬಿಣದ ಮಂಚದ ಒಂದು ತುದಿಯಲ್ಲಿ ಕೂತು ಅದರ ಪಟ್ಟಿಯ ಮೇಲೆ ಬೆರಳಿಟ್ಟಿದ್ದಳು. ಬೆರಳು ಸರಿಯುತ್ತಿತ್ತು, ಸರಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ನಿಧಾನ. ನಾನು ಅಕ್ಕಿ ಆರಿಸಿದೆ, ಅನ್ನಕ್ಕಿಟ್ಟೆ, ಮಗಳ ಕೂದಲು ಬಾಚಿದೆ. ಮತ್ತೆ ನೋಡಿದಾಗ ಬೆರಳು ಮಂಚದ ನಡುವಿಗೆ ಬಂದಿತ್ತು, ಅವಳೂ ಅದರ ಜೊತೆ ಸರಿದಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಏನೋ ಕೇಳಲು ಹೋದವರು ಕೇಳದೆ ಹಿಂದೆ ಸರಿದರು. ದೇವಿ ಹೊರಟು ಹೋಗಿ ದಿನವಾಗಿತ್ತು, ಗದರಬಹುದಿತ್ತು.

ಊಟದ ಹೊತ್ತು ಮೀರಿದ ಮೇಲೆ ಫೋನು ಬಂತು.

“ಆತು,” ಎಂದ ಅಂಬಾದಾಸ.

“ಹೆಂಗಾತು?”

“ಬೆಣ್ಯಾಗ ಬೆರಳ ಎಳದಂಗ. ಅವ್ರು ನೋಡಿ ಗೋಣ ಹಾಕಿದ್ರು. ನೀ ಇರಬೇಕಿತ್ತು ಅಕ್ಕಾ.”

“ಚೊಲೊ ಆತು ಭಾವು,” ಎಂದಳು. “ಭಾಳ ಚೊಲೊ ಆತು.” ಫೋನಿಟ್ಟು ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ತಾಟು ಮುಚ್ಚಿಟ್ಟೆ.

ಹಕ್ಕಳೆಗಳೆಲ್ಲ ಉದುರಿದ ಮೇಲೆ ಅವಳು ಮೊದಲ ಸಲ ಮಹಾಪೆಗೆ ಹೊರಟಳು. ಇನ್ನೂ ಸೊರಗಿದ್ದಳು. “ಒಬ್ಬಾಕಿನ ಕಳಸಬ್ಯಾಡ, ಬಸ್ಸಿನ್ಯಾಗ ಚಕ್ಕರ್ ಬಂದ್ರ?” ಎಂದು ಅತ್ತೆ ನನ್ನನ್ನು ಜೊತೆಗೆ ಅಟ್ಟಿದರು, ಆರೋಹಿಯನ್ನು ತಾವಿಟ್ಟುಕೊಂಡರು. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ತೆವಳಿತು. ಕಾಂಚನಾ ಕಿಟಕಿಯ ಪಕ್ಕ ಕೂತು, ಇಳಿಯುವ ಸ್ಟಾಪು ಇನ್ನೂ ದೂರವಿರುವಾಗಲೇ ಎದ್ದು ನಿಂತಳು.

ಗೇಟಿನಲ್ಲಿ ಲಾರಿ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಕಟ್ಟಿಗೆಯ ಉದ್ದನೆಯ ಪೆಟ್ಟಿಗೆ, ನಾಲ್ಕೂ ಕಡೆ ಹಗ್ಗ ಬಿಗಿದದ್ದು, ಸೀಲು ಹಾಕಿದ್ದು. ಅಂಬಾದಾಸ ಓಡಿ ಬಂದ. “ನಿನ್ನಿನಽ ಪ್ಯಾಕ್ ಆತು ಅಕ್ಕಾ. ನೀ ಬರತಿ ಅಂತ ಹೇಳಿದೆ, ಕೇಳಲಿಲ್ಲ. ಸೀಲ್ ಬಿಚ್ಚಾಕ ಬರೂದಿಲ್ಲ.”

“ಇರಲಿ ಬಿಡು.”

ಅವಳು ಲಾರಿಯ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಪೆಟ್ಟಿಗೆಯ ಯಾವ ಮಗ್ಗುಲಿಗೆ ಬೆಸುಗೆ ಇದೆ ಎಂದು ಕೇಳಿದಳು. ಅಂಬಾದಾಸ ತೋರಿಸಿದ. ಕೈಯನ್ನು ಅಲ್ಲಿಗೆ ಸರಿಸಿದಳು. ಕಟ್ಟಿಗೆಯ ಮೇಲೆ ಏನು ತಿಳಿಯುತ್ತದೆ? ಆದರೂ ತೆಗೆಯಲಿಲ್ಲ.

ಡ್ರೈವರ್ ಚಹಾ ಕುಡಿದು ಬಂದ. ನಾವು ಮಾತಾಡುವುದು ಕೇಳಿ, “ಯಾವೂರವರ್ರಿ ನೀವು?” ಎಂದ. ಅವನ ಹೆಸರು ಜಟ್ಟೆಪ್ಪ, ಅಫಜಲಪುರದವನು. ಸೋಲಾಪುರದ ಮೇಲಿಂದ ಹೈದರಾಬಾದಿಗೆ ಹೊರಟಿದ್ದ.

“ಅಣ್ಣಾ, ಸ್ಪೀಡ್ ಬ್ರೇಕರ್ ಬಂದಾಗ ಸಾವಕಾಶ ಹೋಗ್ರಿ,” ಎಂದಳು ಕಾಂಚನಾ.

“ಯಾಕವ್ವ, ಒಳಗ ಗಾಜ ಅದೇನು?”

“ಗಾಜಲ್ಲ. ಅಲ್ಯುಮಿನಿಯಂ.”

“ಅಲ್ಯುಮಿನಿಯಂಗ ಏನ ಆಗ್ತದ? ತಿರಗಿ ತಿರಗಿ ಒಗದರೂ ಏನ ಆಗಂಗಿಲ್ಲ.”

  “ಏನೂ ಆಗೂದಿಲ್ಲ,” ಎಂದಳು. “ಅಂದ್ರೂ ಸಾವಕಾಶ ಹೋಗ್ರಿ.”

“ಆಯ್ತು ತಂಗಿ, ಬಸರಾದಾಕಿನ ಕರಕೊಂಡ ಹೋದಂಗ ಹೋಗ್ತೀನಿ,” ಎಂದು ಜಟ್ಟೆಪ್ಪ ನಕ್ಕು ಲಾರಿ ಹತ್ತಿದ.

ಲಾರಿ ಗೇಟು ದಾಟಿ ರಸ್ತೆಗೆ ಇಳಿಯಿತು. ಗೇಟಿನ ಮುಂದೆಯೇ ಒಂದು ಸ್ಪೀಡ್ ಬ್ರೇಕರ್ ಇತ್ತು, ಜಟ್ಟೆಪ್ಪ ನಿಜವಾಗಿಯೂ ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ. ಕಾಂಚನಾ ಹೊಸ ಬೂಟಿನ ಮೇಲೆ ಹಿಮ್ಮಡಿ ಎತ್ತಿ ನಿಂತಳು. ಒಳಗಿನಿಂದ ಅನಿಲಕುಮಾರ್ ಅವಳ ಹೆಸರು ಹಿಡಿದು ಕರೆದರು. ಹೊಸ ದಪ್ಪದ ತಗಡು ಬಂದಿದೆಯಂತೆ, ಮತ್ತೆ ತುಂಡುಗಳಿಂದ ಶುರು. “ಬಂದೆ ಸರ್,” ಎಂದಳು, ಹೋಗಲಿಲ್ಲ. ಠಾಣೆ–ಬೇಲಾಪುರ ರಸ್ತೆಯ ತಿರುವಿನಲ್ಲಿ ಒಂದರ ಹಿಂದೆ ಒಂದು ಲಾರಿ, ಎಲ್ಲವೂ ಒಂದೇ ಬಣ್ಣದ ತಾಡಪತ್ರಿ ಹೊದ್ದವು. ನನಗೆ ನಮ್ಮದು ಯಾವುದೆಂದು ಆಗಲೇ ತಪ್ಪಿಹೋಗಿತ್ತು. ಅವಳಿಗೆ ತಪ್ಪಿರಲಿಲ್ಲ. ಅವಳ ಮುಖ ಅದರ ಜೊತೆ ನಿಧಾನವಾಗಿ ತಿರುಗುತ್ತ ಹೋಯಿತು.